ಹಿತ್ತಾಳೆಯ ಹೊಳಪು

ಘೋಡಗೇರಿ, ೧೯೩೯ ಮೇ ೧೪, ಭಾನುವಾರ. ಅರಳೆ ಕಾರಖಾನೆಯ ಡೈನಮೋ ಸುಟ್ಟಿದೆ.

ದುಂಡಪ್ಪಾ,

ನೀನು ಸತ್ತು ಎಂಟು ತಿಂಗಳಾದರೂ ನಿನ್ನ ಮೂರ್ಖತನ ಇಲ್ಲಿ ರಜೆಯಿಲ್ಲದೆ ದುಡಿಯುತ್ತಿದೆ. ನಿನ್ನೆ ಮಧ್ಯಾಹ್ನ ತಂತಿಗೆ ಸಿಡಿಲು ಬಡಿಯಿತು. ಡೈನಮೋ ಕಾಯಲೆಂದು ನೀನು ತಂತಿಗೆ ಕೂರಿಸಿದ ಎರಡು ಹಿತ್ತಾಳೆ ಗುಂಡುಗಳ ನಡುವೆ ಕಿಡಿ ಹಾರಿ, ಸಿಡಿಲು ನೆಲಕ್ಕಿಳಿಯಬೇಕಿತ್ತು. ಕಿಡಿ ಹಾರಲಿಲ್ಲ, ಸಿಡಿಲು ನೇರವಾಗಿ ಡೈನಮೋಗೆ ಹೋಯಿತು.

ಕಿಡಿಯ ಕಾವಿಗೆ ಕರಗದ ಟಂಗ್‌ಸ್ಟನ್ ಲೋಹದ ಗುಂಡು ತರಿಸೋಣ ಎಂದು ನಾನು ಹೇಳಿದಾಗ ನೀನು, "ಆ ಕರೀ ತುಣುಕಿಗೆ ಯಾರ್ ಪೂಜಿ ಮಾಡ್ತಾರಪಾ? ಹಿತ್ತಾಳಿ ನೋಡು, ಹೆಂಗ ಹೊಳೀತೈತಿ!" ಎಂದು ನಕ್ಕೆ. ಹಿತ್ತಾಳೆಯೊಳಗಿನ ಸತುವು ಪ್ರತಿ ಕಿಡಿಗೂ ಕುದಿದು ಹಾರುತ್ತದೆ, ಗುಂಡಿನ ಮೇಲೆ ಗುಳಿಗಳು ಬೀಳುತ್ತವೆ. ಅವು ಕಾಣದಂತೆ ಯಂತ್ರ ಒರೆಸುವ ಆಳು ಖಂಡೆಪ್ಪ ಪ್ರತಿ ಸೋಮವಾರ ಯಂತ್ರದ ಪೂಜೆಗೆ ಮುಂಚೆ ಅರದಿಂದ ಉಜ್ಜಿ, ಹುಣಸೆಹಣ್ಣು ಹಚ್ಚಿ ತಿಕ್ಕುತ್ತಿದ್ದ, ನೀನೇ ಕಲಿಸಿದಂತೆ. ಎರಡು ವರ್ಷದಲ್ಲಿ ಗುಂಡುಗಳು ಸವೆದು ನಡುವಿನ ಅಂತರ ಎರಡರಷ್ಟಾಗಿದೆ, ಕಿಡಿ ದಾಟಲಾರದಷ್ಟು. ಇವತ್ತು ಅಳೆದು ನೋಡಿದೆ.

ಮಾಲೀಕರು ಖಂಡೆಪ್ಪನನ್ನು ಕೆಲಸದಿಂದ ತೆಗೆಯುತ್ತಾರಂತೆ. ಅವನು ನನ್ನ ಹತ್ತಿರ ಬಂದು, "ದುಂಡಪ್ಪ ಸಾಹೇಬ್ರು ಚಲೋ ತಿಕ್ಕು ಅಂದಿದ್ರು, ತಿಕ್ಕೀನ್ರಿ. ಹೊಳಪು ಕಡಿಮಿ ಆಗಿತ್ತೇನ್ರಿ?" ಎಂದು ಕೇಳಿದ.

ನಾನು ಓದುವ ಬಂಗಾಳಿ ಕಾದಂಬರಿಗಳ ಅನುವಾದಗಳಲ್ಲಿ ಸತ್ತ ಗೆಳೆಯನನ್ನು ಎಲ್ಲರೂ ಕ್ಷಮಿಸಿಬಿಡುತ್ತಾರೆ. ನನ್ನಿಂದ ಆಗಲಿಲ್ಲ.

ಹಿತ್ತಾಳೆಯೇ ಸಾಕೆಂದು ಮಾಲೀಕರಿಗೆ ಬರೆದ ಕಾಗದದ ನಕಲು ಸಿಕ್ಕಿದೆ. ಅದರಲ್ಲಿ ನಿನ್ನ ಸಹಿಯ ಕೆಳಗೆ ನನ್ನದೂ ಇದೆ. ನಾಳೆ ಬೆಳಿಗ್ಗೆ ಮಾಲೀಕರು ಖಂಡೆಪ್ಪನನ್ನು ಕರೆಯುವ ಮೊದಲೇ ಅದನ್ನು ಅವರ ಮುಂದಿಡುವುದೆಂದು ನಿರ್ಧರಿಸಿದ್ದೇನೆ. ಸದ್ಯ ಅದು ನನ್ನ ಅಂಗಿಯ ಕಿಸೆಯಲ್ಲಿದೆ.