ಕೆಂಪು ಗೆರೆ ಇರುವಲ್ಲಿ ಓದಬೇಡ

ಬಸವನಗುಡಿ, ಬೆಂಗಳೂರು–೪
೧೯ನೇ ಜುಲೈ ೧೯೭೮, ಬುಧವಾರ

ಪ್ರೀತಿಯ ಮಗಳು ಮಹಾನಂದಳಿಗೆ,

ಈ ಕಾಗದವನ್ನು ಮಲಗಿಕೊಂಡು ಓದುತ್ತಿದ್ದೀಯೋ, ನಿಂತುಕೊಂಡೋ? ನಿಂತಿದ್ದರೆ ಇಲ್ಲಿಗೇ ನಿಲ್ಲಿಸಿ, ಹೋಗಿ ಮಲಗಿ, ಆಮೇಲೆ ಮುಂದಕ್ಕೆ ಓದು. ಹೊಟ್ಟೆನೋವು ಮತ್ತೆ ಬಂತೇ? ಕಾಲು ಊದಿಕೊಂಡಿದೆಯೇ? ಲೇಡಿ ಡಾಕ್ಟರು ಕೊಟ್ಟ ಮಾತ್ರೆಗಳನ್ನು ನುಂಗುತ್ತಿದ್ದೀಯೋ, ಕಹಿ ಎಂದು ಕಿಟಕಿಯಿಂದ ಆಚೆ ಎಸೆಯುತ್ತಿದ್ದೀಯೋ? ಚಿಕ್ಕಂದಿನಲ್ಲಿ ನೀನು ಮಾಡುತ್ತಿದ್ದುದು ಅದನ್ನೇ, ಆದ್ದರಿಂದ ಕೇಳುತ್ತಿದ್ದೇನೆ. ಅಳಿಯ ದೊರೆಸ್ವಾಮಿಯವರ ಕಾಗದ ಬಂದಿದೆ. ಹೋದ ಶನಿವಾರ ಅವರು ಕಾರ್ಖಾನೆಯಿಂದ ಮನೆಗೆ ಬರುವಷ್ಟರಲ್ಲಿ ನೀನು ಬೀದಿ ನಲ್ಲಿಯಿಂದ ಎರಡು ಕೊಡ ನೀರು ಹೊತ್ತು ತಂದು, ಗೋಡೆ ಹಿಡಿದುಕೊಂಡು ಕುಸಿದು ಕೂತಿದ್ದೆಯಂತೆ. ಓದಿ ಸಿಟ್ಟು ಬಂತು. ಸಿಟ್ಟಿಗಿಂತ ಹೆದರಿಕೆ ಜಾಸ್ತಿ ಬಂತು, ಅದನ್ನೂ ಬರೆದುಬಿಡುತ್ತೇನೆ. ಎರಡು ಸಲವೂ ಐದನೇ ತಿಂಗಳಿನಲ್ಲಿಯೇ ಕಳೆದುಕೊಂಡಿದ್ದೀಯ. ಈಗ ನಡೆಯುತ್ತಿರುವುದೂ ಐದನೆಯದೇ.

ನವೆಂಬರ್ ತನಕ ಹಾಸಿಗೆ ಬಿಟ್ಟು ಏಳಕೂಡದು, ರೈಲು ಬಸ್ಸು ಹತ್ತಲೇಕೂಡದು ಎಂದು ಡಾಕ್ಟರು ಹೇಳಿದ ಮೇಲೆ ನಿನ್ನನ್ನು ಹರಿಹರದಿಂದ ಇಲ್ಲಿಗೆ ಕರೆಸಿಕೊಳ್ಳುವ ಹಾಗಿಲ್ಲ. ಅಳಿಯಂದಿರ ಕಡೆಯೂ ಹಿರಿಯರು ಎನ್ನುವವರು ಯಾರೂ ಉಳಿದಿಲ್ಲ. ನಿನ್ನ ಅಮ್ಮ ಇದ್ದಿದ್ದರೆ ಏನಾದರೊಂದು ದಾರಿ ಹುಡುಕುತ್ತಿದ್ದಳು. ನಾನು ಬಂದು ನಿಲ್ಲುವುದು ಆಗದ ಮಾತು. ಮಗಳು ಮಗುವನ್ನು ಹೆರುವ ತನಕ ತಂದೆಯಾದವನು ಅವಳ ಮನೆಯ ಅನ್ನ ಉಣ್ಣಬಾರದು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಇಲ್ಲಿ ನನ್ನ ಜೊತೆ ಇರುವ ನಿನ್ನ ಸೋದರತ್ತೆ ಗಿರಿಜಾಂಬಾ ಮಂಡಿನೋವಿನಿಂದ ರೈಲು ಹತ್ತಲಾರಳು; ಈ ವಿಷಯದಲ್ಲಿ ಅವಳು ಎಷ್ಟು ಕಟ್ಟುನಿಟ್ಟು ಎಂಬುದೂ ನಿನಗೆ ಗೊತ್ತಿದೆ. ನಾನೂ ಇಲ್ಲಿಯವರೆಗೆ ಮೀರಿದವನಲ್ಲ. ಆದ್ದರಿಂದ ನನ್ನ ಕೈಯಲ್ಲಿ ಆಗುವ ಕೆಲಸವನ್ನು ಮಾಡಿದ್ದೇನೆ. ನೀನು ಸುಮ್ಮನೆ ಬಿದ್ದುಕೊಂಡಿರುವುದಕ್ಕೆ ಬೇಕಾದ ಪುಸ್ತಕಗಳನ್ನು ಕೂಡಿಸಿದ್ದೇನೆ. ಎಲ್ಲವೂ ಪ್ರೇಮದ ಕಾದಂಬರಿಗಳು.

ನಗು, ಪರವಾಗಿಲ್ಲ. ಮಲಗಿಕೊಂಡು ನಗು. ನೀನು ಕಾಲೇಜಿನಲ್ಲಿದ್ದಾಗ ಇಂಥದ್ದೇ ಒಂದನ್ನು ನಿನ್ನ ಕೈಯಿಂದ ಕಿತ್ತುಕೊಂಡು ಅಟ್ಟಕ್ಕೆ ಎಸೆದವನು ನಾನು. ಇನ್ನು ಮೂವತ್ತೇ ಪುಟ ಇದೆ ಅಪ್ಪ ಎಂದು ನೀನು ಅತ್ತರೂ ಕೊಡಲಿಲ್ಲ. ಮೂವತ್ತನಾಲ್ಕು ವರ್ಷ ಚಾಮರಾಜಪೇಟೆಯ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವನಿಗೆ ಅದು ಪುಸ್ತಕವೇ ಅಲ್ಲ ಎನ್ನುವ ಜಂಬ ಇತ್ತು. ತಪ್ಪಾಯಿತು ಕಣಮ್ಮ.

ಗಾಂಧಿಬಜಾರಿನ ಹಿಂದಿನ ಬೀದಿಯಲ್ಲಿ ಜಾನಕಮ್ಮನವರು ತಮ್ಮ ಮನೆಯ ಮುಂದಿನ ಕೋಣೆಯಲ್ಲೇ ಸರ್ಕ್ಯುಲೇಟಿಂಗ್ ಲೈಬ್ರರಿ ನಡೆಸುತ್ತಿದ್ದಾರೆ. ಮೊದಲ ದಿನ ನಾನು ಒಳಗೆ ಕಾಲಿಟ್ಟದ್ದೇ ತಡ, ಅಲ್ಲಿದ್ದ ಕಾಲೇಜು ಹುಡುಗಿಯರೆಲ್ಲ ಗಪ್‌ಚಿಪ್. ಒಬ್ಬಳು ಬಹಳ ಮರ್ಯಾದೆಯಿಂದ, “ತಾತ, ದೇವರ ಪುಸ್ತಕ ಎಲ್ಲ ಆ ಬೀರುಲಿದೆ” ಎಂದಳು. ನಾನು, “ನನಗೆ ದೇವರದು ಬೇಡಮ್ಮ, ಪ್ರೇಮದ್ದೇ ಬೇಕು, ಉದ್ದವಾಗಿರಬೇಕು” ಎಂದೆ. ಆಮೇಲೆ ಅವರು ನಕ್ಕಿದ್ದೇ ನಕ್ಕಿದ್ದು. ಆ ಲೈಬ್ರರಿಯಲ್ಲಿ ಯಾರೂ ಕಾದಂಬರಿಯ ಹೆಸರು ಹೇಳುವುದಿಲ್ಲ. ನಾಯಕನ ಕೆಲಸ ಹೇಳಿ ಕೇಳುತ್ತಾರೆ. “ಪೈಲಟ್ದು ವಾಪಸ್ ಬಂತಾ?” “ಕಲೆಕ್ಟರ್ದು ಎರಡನೇ ಭಾಗ ಯಾರ ಹತ್ರ ಇದೆ?” ಹೀಗೆ. ಎಲ್ಲರೂ ಮೊದಲು ಕೊನೆಯ ಪುಟ ತೆಗೆದು, ಮದುವೆ ಆಗಿದೆಯೇ ಎಂದು ನೋಡಿಕೊಂಡೇ ಪುಸ್ತಕ ಒಯ್ಯುತ್ತಾರೆ. ಮೊದಲು ಇದು ಮೋಸ ಅನ್ನಿಸಿತ್ತು. ಈಗ ನಾನೂ ಹಾಗೆಯೇ ಮಾಡುತ್ತೇನೆ.

ಮೊದಲು ಎಸ್ಟೇಟಿನವನದನ್ನು ಓದು. ಎರಡು ಭಾಗ, ಎಂಟುನೂರ ಹನ್ನೆರಡು ಪುಟ. ನೀಲಗಿರಿ ಕಡೆ ಟೀ ತೋಟ ಇಟ್ಟುಕೊಂಡಿರುವ ಒಬ್ಬ ಮುಂಗೋಪಿಯ ಹತ್ತಿರ ಟೈಪಿಸ್ಟ್ ಕೆಲಸಕ್ಕೆ ಹುಡುಗಿ ಬರುತ್ತಾಳೆ. ನೂರಾ ಹತ್ತನೇ ಪುಟದ ತನಕ ಆ ಆಸಾಮಿ ನಗುವುದೇ ಇಲ್ಲ. ಅವಳ ಕಣ್ಣು ಮೊದಲ ಭಾಗದಲ್ಲಿ ಕಂದು, ಎರಡನೆಯದರಲ್ಲಿ ಕಪ್ಪು. ಅವಳು ದಿನವೆಲ್ಲ ಟೈಪು ಮಾಡಿದರೂ ಯಾವ ಕಾಗದ, ಯಾರಿಗೆ ಎಂಬುದು ಕೊನೆಯವರೆಗೆ ತಿಳಿಯುವುದಿಲ್ಲ. ಇದ್ಯಾವುದನ್ನೂ ಲೆಕ್ಕಕ್ಕೆ ಇಟ್ಟುಕೊಳ್ಳಬೇಡ. ಅವಳಿಗೆ ಜ್ವರ ಬಂದಾಗ ಅವನು ತಾನೇ ಗಂಜಿ ಕಾಯಿಸಲು ಹೋಗಿ ಪಾತ್ರೆ ಸೀಯಿಸಿಕೊಳ್ಳುವ ಅಧ್ಯಾಯ ಬಹಳ ಚೆನ್ನಾಗಿದೆ. ನಿನ್ನ ಸೋದರತ್ತೆ ನನ್ನ ಕೈಯಲ್ಲಿ ಅದನ್ನು ಎರಡು ಸಲ ಓದಿಸಿದಳು. ಮೊದಮೊದಲು ಥೂ ಎನ್ನುತ್ತಿದ್ದವಳು ಈಗ ಅಡುಗೆಮನೆಯಿಂದಲೇ ಕೂಗುತ್ತಾಳೆ: “ಅವನು ಒಪ್ಕೊಂಡ್ನೋ ಇಲ್ವೋ, ಅಷ್ಟು ಹೇಳ್ಬಿಡೋ ಸೀನು, ಒಗ್ಗರಣೆ ಸೀದುಹೋಗತ್ತೆ!”

ಅದಾದ ಮೇಲೆ ಐವರು ಅಕ್ಕತಂಗಿಯರ ಸರಣಿ. ಮಲ್ಲೇಶ್ವರದ ಒಂದು ಮನೆಯ ಐದು ಹೆಣ್ಣುಮಕ್ಕಳಿಗೆ ಒಬ್ಬೊಬ್ಬಳಿಗೆ ಒಂದೊಂದು ಕಾದಂಬರಿ. ಹಿರಿಯಳಿಗೆ ಸರ್ಜನ್, ಎರಡನೆಯವಳಿಗೆ ವಕೀಲ. ನಾಲ್ಕನೆಯವಳು ಸಂಗೀತದ ಮೇಷ್ಟರನ್ನು ಕಟ್ಟಿಕೊಳ್ಳುತ್ತಾಳೆ, ಅದು ಸ್ವಲ್ಪ ಜಾಳು. ಎಲ್ಲ ಕೂಡಿಸಿದರೆ ಮೂರು ಸಾವಿರದ ನೂರ ನಲವತ್ತು ಪುಟ. ಇಂದಿನಿಂದ ಡಾಕ್ಟರು ಕೊಟ್ಟ ದಿನಕ್ಕೆ ನೂರ ಹದಿನೆಂಟು ದಿನ. ದಿನಕ್ಕೆ ಇಪ್ಪತ್ತೇಳು ಪುಟ ಓದಿದರೆ ಸರಿಹೋಗುತ್ತದೆ. ಆಸೆಬಿದ್ದು ದಿನಕ್ಕೆ ನೂರು ಪುಟ ನುಂಗಿಬಿಟ್ಟರೆ ಆಗಸ್ಟಿನಲ್ಲೇ ಪುಸ್ತಕ ಮುಗಿದು, ನೀನು ಮತ್ತೆ ಕೊಡ ಎತ್ತಿಕೊಂಡು ಹೊರಡುತ್ತೀಯ. ಹಾಗೆ ಮಾಡಬೇಡ.

ಮೂರನೆಯವಳ ಕಥೆಯ ಬಗ್ಗೆ ಒಂದು ಮಾತು. ಇನ್ನೂರ ಎಂಬತ್ತೆಂಟನೆಯ ಪುಟದಿಂದ ಮೂರು ಪುಟಗಳಷ್ಟು ಕೆಂಪು ಗೆರೆ ಎಳೆದಿದ್ದೇನೆ. ಗೆರೆ ಇರುವಲ್ಲಿ ಓದಬೇಡ, ಅಂಚಿನಲ್ಲಿ ನನ್ನ ಅಕ್ಷರದಲ್ಲಿ ಇರುವುದನ್ನು ಓದು. ಅವಳ ಮಗುವನ್ನು ಕಥೆಗೆ ಒಂದಿಷ್ಟೂ ಬೇಕಿಲ್ಲದೆ, ಬರಿ ಅಳಿಸುವುದಕ್ಕೆಂದು, ಸಾಯಿಸಿಬಿಟ್ಟಿದ್ದಾರೆ. ನನಗೆ ತಡೆಯಲಿಲ್ಲ. ಇಷ್ಟು ವರ್ಷ ಬರೆದವರ ಒಂದು ಮಾತನ್ನೂ ಬದಲಾಯಿಸದೆ ಕಾಗುಣಿತ ಮಾತ್ರ ತಿದ್ದಿದ ಕೈ ಇದು. ಆ ಹೊತ್ತಿನಲ್ಲಿ ಲೈಬ್ರರಿ ಪುಸ್ತಕ ಎನ್ನುವುದೂ ಮರೆತು ಹಳೆಯ ಅಭ್ಯಾಸಕ್ಕೆ ಕೆಂಪು ಮಸಿ ತೆಗೆದು ಹೊಡೆದುಹಾಕಿದೆ. ಮಗು ಬದುಕಿತು, ಮೂರು ಕೆ.ಜಿ. ಇತ್ತು, ಮೂಗು ತಾಯಿಯದು ಎಂದು ಬರೆದೆ. ವಾಪಸು ತಾರೀಖಿನ ಮುದ್ರೆ ಹಾಕಿಸಲು ಒಯ್ದಾಗ ಜಾನಕಮ್ಮನವರು ಪುಟ ತಿರುವಿ ನೋಡಿ ಕೆಂಡವಾದರು. “ರೀ ಶ್ರೀನಿವಾಸಯ್ಯನವರೇ, ಇದೇನು ನಿಮ್ಮ ಪ್ರೆಸ್ಸಾ? ಊರ ಮಂದಿ ಓದೋ ಪುಸ್ತಕಕ್ಕೆ ಗೀಚಿದೀರಲ್ಲ!” ನಾನು ನಿನ್ನ ವಿಷಯ ಹೇಳಿದೆ. ಅವರು ನಿಂತಲ್ಲೇ ಅಂಚಿನಲ್ಲಿದ್ದುದನ್ನೆಲ್ಲ ಓದಿದರು. ಬಸವನಗುಡಿ ದಾಟಿ ಒಂದು ಪುಸ್ತಕವನ್ನೂ ಹೊರಗೆ ಬಿಡದ ಹೆಂಗಸು ಏಳನ್ನೂ ಕೊಟ್ಟು, “ಹೆರಿಗೆ ಆದ್ಮೇಲೆ ವಾಪಸ್ ಕಳಿಸಲಿ, ಅವಸರ ಇಲ್ಲ” ಎಂದರು. ನಾನು ಹೊರಟಾಗ ಹಿಂದಿನಿಂದ ಕರೆದು, ಆ ಕಾದಂಬರಿಯ ಇನ್ನೊಂದು ಪ್ರತಿ ಇದೆ, ಅದನ್ನೂ ಹೀಗೇ ತಿದ್ದಿಕೊಡಿ ಎಂದರು.

ಅಳಿಯಂದಿರಿಗೆ ನನ್ನ ಆಶೀರ್ವಾದ ತಿಳಿಸು. ಪಕ್ಕದ ಮನೆಯ ಬಸವಮ್ಮನವರು ನಿನಗೆಂದು ಬನಶಂಕರಿಯಲ್ಲಿ ಹರಕೆ ಹೊತ್ತಿದ್ದಾರೆ. ನಿನ್ನ ಹೊಟ್ಟೆಯಲ್ಲಿರುವುದು ನೂರ ಹದಿನೆಂಟು ದಿನವೂ ಅಲ್ಲೇ ಬೆಚ್ಚಗಿರಲಿ ಎಂದು ಹರಸುವ,

ನಿನ್ನ ಅಪ್ಪ,
ಶ್ರೀನಿವಾಸಯ್ಯ

ತಾ.ಕ.: ಅಂಚೆಗೆ ಹೊರಡಲು ಎದ್ದವನು ಬಾಗಿಲಲ್ಲೇ ಕೂತು ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸು. ನಿನ್ನ ಅತ್ತೆ ಪಾರ್ಸೆಲ್ಲಿಗೆ ಬಟ್ಟೆ ಹೊಲಿಯುತ್ತಿದ್ದವಳು ಸೂಜಿ ನಿಲ್ಲಿಸಿ ಕೇಳಿದಳು: “ಅಲ್ವೋ, ಅವಳು ಓದ್ತಾ ಮಲಗಿರ್ತಾಳೆ, ಸರಿ. ಅನ್ನ ಯಾರು ಮಾಡ್ತಾರೆ?” ಹೋದ ವರ್ಷ ಎರಡನೆಯದೂ ಹೋದಾಗ ನಾನು ಬಂದಿದ್ದೆನಲ್ಲ, ಗೋಡೆ ಹಿಡಿದುಕೊಂಡು ಎದ್ದು ಬಂದು ನೀನು ಒಂದು ಲೋಟ ನೀರು ಕೊಟ್ಟೆ. ಶಾಸ್ತ್ರ ಎಂದು ಅದನ್ನೂ ಮುಟ್ಟದೆ ಹೊರಟು, ಸ್ಟೇಷನ್ನಿನ ನಲ್ಲಿಯಲ್ಲಿ ಕುಡಿದೆ. ಆ ಲೋಟ ಹಿಡಿದುಕೊಂಡು ನೀನು ಬಾಗಿಲಲ್ಲಿ ನಿಂತದ್ದನ್ನು ನಾನು ಇವತ್ತಿಗೂ ಮರೆತಿಲ್ಲ. ಅದನ್ನು ಅತ್ತೆಗೆ ಈಗ ಹೇಳಿದೆ. ಅವಳು ದಾರ ಕಡಿದು, “ಶಾಸ್ತ್ರದ ಪಾಪ ನನಗಿರ್ಲಿ, ನೀನು ಹೊರಡು” ಎಂದಳು. ನಾಳೆ, ನಾಡಿದ್ದು ಅವಳ ಹತ್ತಿರ ಸಾರು, ಪಲ್ಯ ಕಲಿತುಕೊಳ್ಳುತ್ತೇನೆ. ಈ ಕಾಗದವನ್ನಷ್ಟೇ ಅಂಚೆಗೆ ಹಾಕುತ್ತೇನೆ, ಪಾರ್ಸೆಲ್ಲನ್ನು ಶನಿವಾರ ಬೆಳಗಿನ ಗಾಡಿಗೆ ನಾನೇ ಹೊತ್ತು ತರುತ್ತೇನೆ. ನವೆಂಬರ್ ತನಕ ಅಲ್ಲೇ ಇರುತ್ತೇನೆ. ದಾರಿಯಲ್ಲಿ ಏನೂ ತಿನ್ನುವುದಿಲ್ಲ, ನಿನ್ನ ಮನೆಯಲ್ಲಿ ಉಣ್ಣುವುದಕ್ಕೆ ಹಸಿದುಕೊಂಡೇ ಬರುತ್ತೇನೆ. ನೀನು ಏಳಬೇಡ. ಅಕ್ಕಿ ಡಬ್ಬ ಎಲ್ಲಿದೆ ಎಂದು ಮಲಗಿದ್ದಲ್ಲಿಂದಲೇ ಹೇಳು, ಸಾಕು.