ಕೊಳವೆಯ ಬಾಯಿಯ ಕೆಳಗೆ

ದೊಡ್ಡಪ್ಪನಿಗೆ ನಮಸ್ಕಾರ.

ನಿಮ್ಮೆದುರು ನಿಂತರೆ ನನಗೆ ಮಾತು ಬರುವುದಿಲ್ಲ. ಅದಕ್ಕೇ ಬರೆದು ನಿಮ್ಮ ಚಪ್ಪಲಿಯ ಮೇಲೆ ಇಟ್ಟಿದ್ದೇನೆ.

ನದಿ ಸುಧಾರಣೆಗೆ ಅನುದಾನ ಕೊಡುವವರು ನಾಳೆ ಬೆಳಿಗ್ಗೆ ಬಟ್ಟೆಗೆ ಬಣ್ಣ ಹಾಕುವ ನಮ್ಮ ಶೆಡ್ಡಿಗೆ ಬರುತ್ತಾರೆ. ನದಿಯ ನೀರು ಇಷ್ಟು ತಿಳಿಯಾಗಿ ಕಂಡರೆ ಅವರು ಹಣ ಕೊಡುವುದಿಲ್ಲ, ಅದಕ್ಕೇ ಗುಂಡಿಯಲ್ಲಿ ನಿಲ್ಲಿಸಿರುವ ಬಣ್ಣದ ನೀರನ್ನೆಲ್ಲ ಅವರು ಬರುವ ಮುಂಚೆಯೇ ನದಿಗೆ ಬಿಡುತ್ತೇನೆ ಎಂದಿರಿ. "ರೋಗಿ ನಗ್ತಾ ಕೂತಿದ್ರೆ ಯಾವ ಡಾಕ್ಟ್ರು ಔಷಧಿ ಕೊಡ್ತಾರೆ, ಹೇಳೇ ಮೂಗಿ?" ಎಂದು ನನ್ನನ್ನೇ ಕೇಳಿದಿರಿ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಅನುದಾನ ಬಂದರೆ ಎಲ್ಲ ಶೆಡ್ಡುಗಳಿಗೂ ಇಂಥದೇ ಗುಂಡಿ ಆಗುತ್ತದೆ, ಗೊತ್ತು. ಆದರೆ ನಮ್ಮ ಗುಂಡಿ ಆದ ಮೇಲೆಯೇ ಅಮ್ಮನ ಕಾಲಿನ ಹುಣ್ಣು ಮಾಯ್ದದ್ದು. ಮೊನ್ನೆ ನದಿಯಲ್ಲಿ ನಿಂತು ಬಟ್ಟೆ ಜಾಲಿಸುವಾಗ ಮರಿಮೀನು ಬೆರಳು ಕಚ್ಚಿತೆಂದು ಅವಳು ಕೂಗಿಕೊಂಡಾಗ, ಮೊದಲು ಓಡಿಬಂದು ಬಗ್ಗಿ ನೋಡಿದವರು ನೀವೇ.

ಬಂದವರನ್ನು ನದಿಯ ತಿರುವಿನಾಚೆಯ ಶೆಡ್ಡುಗಳಿಗೆ ಕರೆದುಕೊಂಡು ಹೋಗಿ. ಅಲ್ಲಿ ನೀರು ಇನ್ನೂ ಕಪ್ಪಾಗಿಯೇ ಇದೆ. ಆಮೇಲೆ ಇಲ್ಲಿಗೆ ಕರೆತಂದು, ಹಣ ಕೊಟ್ಟರೆ ಅದೂ ಹೀಗಾಗುತ್ತದೆ ಎನ್ನಿ. ನಿಮಗೆ ಮಾತು ಬರುತ್ತದೆ.

ಬಟ್ಟೆ ಜಾಲಿಸಲು ನಾಳೆ ಅಮ್ಮನನ್ನು ಕಳಿಸುವುದಿಲ್ಲ. ಬೆಳಕು ಹರಿಯುವ ಮೊದಲೇ ನಾನು ಹೋಗಿ, ಗುಂಡಿಯಿಂದ ನದಿಗೆ ಬೀಳುವ ಕೊಳವೆಯ ಬಾಯಿಯ ಕೆಳಗೆ ನೀರಿನಲ್ಲಿ ನಿಂತಿರುತ್ತೇನೆ. ವಾಲ್ವ್ ತಿರುಗಿಸುವ ಮೊದಲು ಒಮ್ಮೆ ಬಗ್ಗಿ ನೋಡಿ.

ಬರುವಾಗ ಒಂದು ಒಣ ಟವೆಲು ತನ್ನಿ. ಆ ಹೊತ್ತಿಗೆ ನೀರು ತುಂಬ ತಣ್ಣಗಿರುತ್ತದೆ.

ಇಂತಿ ನಿಮ್ಮ
ಮೂಗಿ