ರೆಕ್ಕೆಯಪ್ಪನ ಅಮ್ಮ ತುಮಕೂರಿಗೆ ಹೋದದ್ದು

ರೋಹಿಣಿ, ದೆಹಲಿ
ಭಾನುವಾರ, ೧೬ ನವೆಂಬರ್ ೨೦೨೫

ಮಹಾಮಹಿಮಳೂ ಮಂಡಿನೋವಿನ ಏಕೈಕ ಒಡತಿಯೂ ಆದ ಗಿರಿಜಮ್ಮಜ್ಜಿಗೆ,

ಮೊಮ್ಮಗ ಅನೂಪನ ಉದ್ದಂಡ ನಮಸ್ಕಾರಗಳು. ದೀಪಾವಳಿಗೇ ಬರೆಯುತ್ತೇನೆಂದವನು ಈಗ ಬರೆಯುತ್ತಿದ್ದೇನೆ. ತಡಮಾಡಿದ್ದಕ್ಕೆ ಯಾವ ಶಿಕ್ಷೆಗೂ ಸಿದ್ಧ, ಹಾಗಲಕಾಯಿ ಗೊಜ್ಜೊಂದನ್ನು ಬಿಟ್ಟು. ಫೋನಿನಲ್ಲಿ ಹೇಳೋಣವೆಂದರೆ ನೀನು ‘ಯಾರು? ಯಾರಪ್ಪಾ?’ ಎಂದು ಕೇಳಿ, ನಾನು ಅನೂಪ್ ಅನೂಪ್ ಎಂದು ಕೂಗಿದ ಮೇಲೆ ‘ಆಯ್ತು, ನಾಳೆ ತಂದ್ಕೊಡಿ’ ಎಂದು ಇಟ್ಟುಬಿಡುತ್ತೀಯ. ಕಿವಿ ಮಂದವಾದರೂ ಅಜ್ಜಿಯ ಕಣ್ಣು ಚುರುಕಾಗಿದೆ, ಕಾಗದ ಬರಿ ಎಂದರು ದೇವೇಂದ್ರಪ್ಪ ಮಾಮ. ಅದಕ್ಕೇ ಇದು.

ಇಲ್ಲಿ ಎಲ್ಲರೂ ಕ್ಷೇಮ. ಹೊಗೆ ಇಳಿದು ಎದುರಿನ ನೀರಿನ ಟ್ಯಾಂಕ್ ವಾರದಿಂದ ಕಾಣೆಯಾಗಿದೆ. ಈ ಗಾಳಿಗೆ ನಿನ್ನ ಎದೆ ತಡೆಯುತ್ತಿರಲಿಲ್ಲ, ಮಾಮ ಹೋದ ವರ್ಷ ನಿನ್ನನ್ನು ದಾವಣಗೆರೆಗೆ ಕರೆದೊಯ್ದದ್ದು ಒಳ್ಳೆಯದೇ ಆಯಿತು ಎಂದು ನನಗೆ ನಾನೇ ಹೇಳಿಕೊಳ್ಳುತ್ತಿರುತ್ತೇನೆ. ಅಪ್ಪ ಚೆನ್ನಾಗಿದ್ದಾರೆ. ಮನೆಯಲ್ಲಿ ಕನ್ನಡ ಸಮೃದ್ಧವಾಗಿ ಬೆಳೆಯುತ್ತಿದೆ: ಬೆಳಿಗ್ಗೆ ‘ಗೀಸರ್ ಆಫ್ ಮಾಡಿದ್ಯಾ?’, ಸಂಜೆ ‘ಊಟಕ್ಕೆ ಏನ್ ತರ್ಸೋಣ?’. ಮಿಕ್ಕಂತೆ ಇಬ್ಬರದೂ ‘ಹ್ಞೂಂ’.

ಈಗ ಗಂಭೀರ ವಿಷಯ. ರೆಕ್ಕೆಯಪ್ಪ ಮತ್ತೆ ಬಂದಿದ್ದಾನೆ. ಪೋಸ್ಟರಿನಲ್ಲಿ ಅವನಿಗೆ ‘ವಜ್ರಪಂಖ್’ ಎಂಬ ಬಿರುದಿದ್ದರೂ ನೀನಿಟ್ಟ ಹೆಸರೇ ನಮಗೆ ಅಧಿಕೃತ. ನಾನು ಹನ್ನೊಂದರವನಿದ್ದಾಗ ನಾವಿಬ್ಬರೂ ನೋಡಿದ ಸಿನಿಮಾವನ್ನೇ ಹೊಸ ನಟನನ್ನು ಹಾಕಿಕೊಂಡು ಮೊದಲಿಂದ ತೆಗೆದಿದ್ದಾರೆ, ಹಳಬ ಹುಟ್ಟಿರಲೇ ಇಲ್ಲವೆಂಬಂತೆ. ಈ ಅನ್ಯಾಯವನ್ನು ಖಂಡಿಸಿ ಮೊನ್ನೆ ನಾನು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡು ಮಾಲ್‌ನ ಥಿಯೇಟರಿಗೆ ಹೋದೆ. ಬಾಗಿಲಲ್ಲಿ ತಪಾಸಣೆ ಮಾಡುವ ಗಾರ್ಡ್ ದನಿ ತಗ್ಗಿಸಿ, ‘ಮನೆಯಲ್ಲಿ ಯಾರಾದರೂ ತೀರಿಕೊಂಡರಾ, ಬೇಟಾ?’ ಎಂದು ಹಿಂದಿಯಲ್ಲಿ ಕೇಳಿದ. ‘ಹೌದು ಅಂಕಲ್, ಹಳೇ ಹೀರೋ’ ಎಂದೆ. ಪಾಪ, ಪೂರ್ತಿ ಕೇಳಿಸಿಕೊಳ್ಳದೆ ಟೋಪಿ ತೆಗೆದುಬಿಟ್ಟ. ನಗಲಾಗಲಿಲ್ಲ.

ಹಳೆಯ ಅಭ್ಯಾಸದಂತೆ ಎರಡು ಸೀಟು ತೆಗೆದಿದ್ದೆ. ಪಕ್ಕದಲ್ಲಿ ನನ್ನ ಬ್ಯಾಗು ಕೂತಿತು. ಅತ್ತ ಕೂತ ಹುಡುಗಿ ‘ಕೋಯೀ ಆ ರಹಾ ಹೈ?’ ಎಂದಾಗ ‘ನಮ್ಮಜ್ಜಿ, ಮೆಟ್ಟಿಲು ಹತ್ತುತ್ತಿದ್ದಾರೆ, ಮಂಡಿನೋವು’ ಎಂದು ಹಿಂದಿಯಲ್ಲೇ ಬಿಟ್ಟೆ. ಇಂಟರ್ವಲ್‌ವರೆಗೂ ಅವಳು ಬಾಗಿಲ ಕಡೆ ನೋಡುತ್ತಲೇ ಇದ್ದಳು.

ಹೊಸ ರೆಕ್ಕೆಯಪ್ಪನ ವಿಚಾರ: ಹಾರುವ ಮುಂಚೆ ಅಳುತ್ತಾನೆ, ಹಾರಿ ಇಳಿದ ಮೇಲೂ ಅಳುತ್ತಾನೆ. ಹೊಟ್ಟೆಯ ಮೇಲೆ ಚೌಕ ಚೌಕ ಮಾಂಸಖಂಡ. ನಮ್ಮ ಹಳಬನಿಗಿದ್ದ ಮುದ್ದಾದ ಬೊಜ್ಜಿನ ಸುಳಿವೇ ಇಲ್ಲ. ರೆಕ್ಕೆಗಳು ನಮ್ಮ ಕೂಲರಿನ ಜಾಲರಿಯಂತಿವೆ. ಹಳಬ ಜನರ ಛಾವಣಿ ಮುರಿದರೆ ‘ಸಾರಿ ಆಂಟೀ’ ಎಂದಾದರೂ ಅನ್ನುತ್ತಿದ್ದ. ಇವನು ಇಡೀ ಕಟ್ಟಡ ಬೀಳಿಸಿ ಕತ್ತು ಕೊಂಕಿಸಿ ಹೋಗುತ್ತಾನೆ.

ಖಳನಾಯಕನೂ ಸಪ್ಪೆ. ನಿನಗೆ ನೆನಪಿದೆಯಾ? ‘ಈ ಹಿಂದಿ ನನ್ ತಲೆಗೆ ಹತ್ತಲ್ಲ ಕಣೋ, ನೀನೇ ಹೇಳು’ ಎಂದು ಟೀವಿಯಲ್ಲಿ ಬಂದದ್ದನ್ನೆಲ್ಲ ನನ್ನಿಂದ ಕನ್ನಡದಲ್ಲಿ ಹೇಳಿಸುತ್ತಿದ್ದೆ. ಥಿಯೇಟರಿನಲ್ಲೂ ನಿನ್ನ ಕಿವಿಗೆ ಬಾಯಿಟ್ಟು ನಾನು ಸಿನಿಮಾ ಪೂರ್ತಿ ಹೇಳಿದೆ. ಖಳನಿಗೆ ಕೊಟ್ಟದ್ದು ಮಾಮನ ದನಿ: ‘ಲೇ ತಮ್ಮಾ, ಮಂಡಕ್ಕಿ ಮೆಣಸಿನಕಾಯಿ ತಗಂಡ್ ಬಾ, ಇಲ್ಲಾಂದ್ರೆ ಲೋಕಾನೇ ಸುಟ್‌ಬಿಡ್ತೀನಿ!’ ನೀನು ನಕ್ಕು ನಕ್ಕು ಕೆಮ್ಮಿದ್ದೆ. ಮೊನ್ನೆಯೂ ಖಳ ಬಂದದ್ದೇ ನನ್ನ ಬಾಯಿ ತಾನಾಗಿ ಬ್ಯಾಗಿನ ಕಡೆ ವಾಲಿ ‘ಲೇ ತಮ್ಮಾ’ ಅಂದಿತು. ಮುಂದಿನವನು ತಿರುಗಿ ‘ಭಾಯ್, ಕಾಮೆಂಟ್ರಿ ಬಂದ್ ಕರ್’ ಎಂದ. ಬಂದ್ ಮಾಡಿದೆ.

ಅಂದಹಾಗೆ, ರೆಕ್ಕೆಯಪ್ಪನ ಅಮ್ಮ ಈ ಸಲವೂ ತುಮಕೂರಿಗೆ ತಂಗಿಯ ಮನೆಗೆ ಹೋಗುತ್ತಾಳೆ. ಕೊನೆಗೆ ಲೋಕ ಉಳಿಯುತ್ತದೆ. ಅಷ್ಟೇ ಕಥೆ.

ವಯಸ್ಸಿನಲ್ಲಿ ಕಿರಿಯನಾದರೂ ಪದ್ಧತಿ ಮುರಿದು ಆಶೀರ್ವದಿಸುತ್ತಿದ್ದೇನೆ: ನಿನ್ನ ಮಂಡಿನೋವು ನಿರ್ನಾಮವಾಗಲಿ, ಮಾಮ ಕದ್ದು ತಿನ್ನುವ ಚಕ್ಕುಲಿಯಲ್ಲಿ ನಿನಗೂ ಪಾಲು ಸಿಗಲಿ, ನೂರು ವರ್ಷ ನನ್ನನ್ನು ಬೈಯುತ್ತಿರು.

ನಿನ್ನ ಆಜ್ಞಾಧಾರಕ, ಸಕಲ ಖಳನಾಯಕರ ಕಂಠದಾನಿ
ಅನೂಪ್

ತಾ.ಕ.: ಲಕೋಟೆ ಅಂಟಿಸಿ ಕೆಳಗಿಳಿದಿದ್ದೆ, ಮತ್ತೆ ಹರಿದು ತೆರೆದಿದ್ದೇನೆ. ಗೇಟಿನ ಹತ್ತಿರ ತರಕಾರಿ ಭಯ್ಯಾ ಸಿಕ್ಕಿ ‘ಮಾತಾಜಿ ಹೇಗಿದ್ದಾರೆ?’ ಎಂದ. ನಿನ್ನಷ್ಟು ಚೆನ್ನಾಗಿ ಹಿಂದಿಯಲ್ಲಿ ಬೈಯುವವರು ಈ ಸೆಕ್ಟರಿನಲ್ಲೇ ಇಲ್ಲವಂತೆ. ಅವನಿಗೆ ಯಾರೋ ಬೇರೆ ಅಜ್ಜಿಯ ನೆನಪಾಗಿರಬೇಕು ಎಂದುಕೊಂಡೆ. ಆದರೆ ಅವನು ಹೇಳಿದ, ಅಮ್ಮ ತೀರಿಕೊಂಡ ವರ್ಷ ನಾನು ಸ್ಕೂಲಿಗೆ ಹೋದ ಮೇಲೆ ನೀನು ಅವನ ಗಾಡಿಯ ಪಕ್ಕ ಕೂತು ಮಗಳ ಸುದ್ದಿ ಹೇಳಿ ಅಳುತ್ತಿದ್ದೆಯಂತೆ. ಹಿಂದಿಯಲ್ಲಿ. ‘ಮನೆಯಲ್ಲಿ ಅತ್ತರೆ ಹುಡುಗ ಮಾತೇ ಬಿಟ್ಟುಬಿಡ್ತಾನೆ’ ಎನ್ನುತ್ತಿದ್ದೆಯಂತೆ.

ಹಾಗಾದರೆ ನಿನಗೆ ಎಲ್ಲ ಅರ್ಥವಾಗಿತ್ತು. ಆ ಸಿನಿಮಾ ನೋಡಿದ್ದೂ ಅದೇ ವರ್ಷ. ಪರದೆಯ ಮೇಲೆ ರೆಕ್ಕೆಯಪ್ಪನ ಅಮ್ಮ ಸತ್ತು, ಅವನು ‘ಮಾ, ಮಾ’ ಎಂದು ಅಲುಗಿಸುತ್ತಿದ್ದಾಗ ನಾನು ನಿನ್ನ ಕಿವಿಯಲ್ಲಿ ‘ಏನಿಲ್ಲ ಅಜ್ಜಿ, ಅವಳು ತುಮಕೂರಿಗೆ ಹೊರಟಿದ್ದಾಳೆ, ಬರ್ತಾಳೆ’ ಎಂದಿದ್ದೆ. ನೀನು ನನ್ನ ಕೈ ಹಿಡಿದುಕೊಂಡು, ‘ಹೋಗಲಿ ಬಿಡು ಮಗಾ, ಪಾಪ, ಸುಸ್ತಾಗಿದ್ಲು. ನಿಧಾನವಾಗಿ ಬರ್ಲಿ’ ಎಂದೆ.

ಮೊನ್ನೆ ಪಕ್ಕದಲ್ಲಿ ಹೇಳಲು ಯಾರೂ ಇರಲಿಲ್ಲ, ಅಜ್ಜಿ. ಅವಳು ಸತ್ತೇ ಹೋದಳು.